ಕಾರ್ಖಾನೆ ಮೊದಲೋ, ಸಿದ್ಧಾಂತ ಮೊದಲೋ? ಆರಂಭದ ರಸಾಯನಶಾಸ್ತ್ರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪಠ್ಯಪುಸ್ತಕದಲ್ಲಿ ಲವಾಸಿಯೇ, ಡೇವಿ, ಕೆಕುಲೆ ಸಿಗುತ್ತಾರೆ. ಅದೇ ಕಾಲದಲ್ಲಿ ಬಟ್ಟೆ ಬಿಳಿ ಮಾಡುತ್ತಿದ್ದವರು, ಆಮ್ಲ ತಯಾರಿಸುತ್ತಿದ್ದವರು, ಪೆಟ್ಲುಪ್ಪು (ಸಿಡಿಮದ್ದಿಗೆ ಬೇಕಾದ ಪೊಟ್ಯಾಸಿಯಂ ನೈಟ್ರೇಟ್) ಕುದಿಸುತ್ತಿದ್ದವರು ಸಿಗುವುದಿಲ್ಲ. ಹೀಗಾಗಿ ಎಲ್ಲವೂ ವಿಜ್ಞಾನಿಯ ತಲೆಯಲ್ಲಿ ಹುಟ್ಟಿ ಆಮೇಲೆ ಕಾರ್ಖಾನೆಗೆ ಹೋಯಿತು ಎಂದು ನಾವು ಅಂದುಕೊಂಡುಬಿಡುತ್ತೇವೆ. ಸುಮಾರು 1740ರಿಂದ 1870ರವರೆಗಿನ ಯುರೋಪಿನ ಕಥೆಯನ್ನು ಹತ್ತಿರದಿಂದ ನೋಡಿದರೆ ಹಾಗೆ ಅನ್ನಿಸುವುದಿಲ್ಲ. ಈ ಬಗ್ಗೆ ಓದುಗರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ಹಾಗಾದರೆ ಯಾವುದು ಮೊದಲು?

ಹೆಚ್ಚಿನ ಸಲ ಕೆಲಸವೇ ಮೊದಲು. ಗಂಧಕಾಮ್ಲವನ್ನು ಟನ್‌ಗಟ್ಟಲೆ ಮಾಡುವುದನ್ನು ಜನ ಮೊದಲು ಕಲಿತರು. ಒಳಗೆ ಏನು ನಡೆಯುತ್ತಿದೆ ಎಂದು ತಿಳಿದದ್ದು 60 ವರ್ಷ ಆದಮೇಲೆ. ಆದರೆ ಹಾಗೆ ತಿಳಿದ ಮೇಲೆ ಕಾರ್ಖಾನೆಯ ಖರ್ಚು ಕಡಿಮೆಯಾಯಿತು. ಆ ಕಾರ್ಖಾನೆಯಿಂದ ಬಂದ ಅಗ್ಗದ ಆಮ್ಲ ಮತ್ತೆ ಪ್ರಯೋಗಶಾಲೆಯ ಮೇಜಿಗೆ ಹೋಗಿ ಹೊಸ ಪ್ರಶ್ನೆ ಎಬ್ಬಿಸಿತು. ನನ್ನ ಅಭಿಪ್ರಾಯದಲ್ಲಿ ‘ಯಾವುದು ಮೊದಲು’ ಎನ್ನುವುದಕ್ಕಿಂತ, ಒಂದು ಇನ್ನೊಂದಕ್ಕೆ ಯಾವ ಹೊತ್ತಿನಲ್ಲಿ ಏನು ಕೊಟ್ಟಿತು ಎಂದು ಕೇಳುವುದು ಒಳ್ಳೆಯದು.

ಫ್ಲಾಜಿಸ್ಟನ್ ತಪ್ಪು ಸಿದ್ಧಾಂತ ಅಲ್ವಾ? ಅದನ್ನು ಯಾಕೆ ಅಷ್ಟು ಜನ ನಂಬಿದರು?

ತಪ್ಪು, ನಿಜ. ಆದರೆ ಕುಲುಮೆಯ ಮುಂದೆ ನಿಂತವನಿಗೆ ಅದು ಚೆನ್ನಾಗಿಯೇ ಅರ್ಥವಾಗುತ್ತಿತ್ತು. ಜರ್ಮನಿಯ ಹಾಲೆಯಲ್ಲಿ ವೈದ್ಯಕೀಯ ಕಲಿಸುತ್ತಿದ್ದ ಗೇಯಾರ್ಗ್ ಅರ್ನ್ಸ್ಟ್ ಸ್ಟಾಲ್‌ಗೆ ಅದಿರು ಕರಗಿಸುವ ಕೆಲಸದಲ್ಲಿ ತುಂಬಾ ಆಸಕ್ತಿ. ಸೀಸವನ್ನು ಗಾಳಿಯಲ್ಲಿ ಕಾಯಿಸಿದರೆ ಅದು ಪುಡಿಯಾಗುತ್ತದೆ. ಆ ಪುಡಿಗೆ ಇದ್ದಿಲು ಸೇರಿಸಿ ಮತ್ತೆ ಕಾಯಿಸಿದರೆ ಹೊಳೆಯುವ ಸೀಸ ವಾಪಸ್ ಬರುತ್ತದೆ. ಇದ್ದಿಲು ಏನನ್ನೋ ಲೋಹಕ್ಕೆ ಕೊಟ್ಟಿತು ಎಂದು ಅವನು ಹೇಳಿದ. ಆ ‘ಏನೋ’ ಫ್ಲಾಜಿಸ್ಟನ್. ಉರಿಯುವಾಗ ಅದು ಹೊರಗೆ ಹೋಗುತ್ತದೆ, ಅದಿರು ಕರಗಿಸುವಾಗ ಒಳಗೆ ಬರುತ್ತದೆ.

ನಿಜಕ್ಕೂ ಇದ್ದಿಲು ಕೊಡುವುದಿಲ್ಲ, ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ. ದಿಕ್ಕು ತಲೆಕೆಳಗಾಗಿತ್ತು, ಅಷ್ಟೇ. ಉರಿಯುವುದು, ತುಕ್ಕು ಹಿಡಿಯುವುದು, ಅದಿರಿನಿಂದ ಲೋಹ ತೆಗೆಯುವುದು ಮೂರೂ ಒಂದೇ ಬಗೆಯ ಕ್ರಿಯೆ ಎಂದು ಸ್ಟಾಲ್ ಗುರುತಿಸಿದ್ದು ದೊಡ್ಡ ಮಾತು. ಆ ಭಾಗ ಇವತ್ತಿಗೂ ಸರಿ. ಸಿದ್ಧಾಂತಕ್ಕೆ ಪೆಟ್ಟು ಬಿದ್ದದ್ದು ತಕ್ಕಡಿಯಿಂದ: ಕಾಯಿಸಿದ ಲೋಹದ ತೂಕ ಹೆಚ್ಚಾಗುತ್ತದೆ. ಹೊರಗೆ ಹೋದದ್ದು ನಿಜವಾಗಿದ್ದರೆ ತೂಕ ಕಡಿಮೆಯಾಗಬೇಕಿತ್ತಲ್ಲ.

ರಸವಾದಿಗಳಿಂದ ಏನೂ ಬರಲಿಲ್ಲವೇ?

ಪಾತ್ರೆಗಳು, ಬಟ್ಟಿ ಇಳಿಸುವ ಕೈಚಳಕ, ಒಂದಷ್ಟು ಆಮ್ಲಗಳು ಅವರಿಂದಲೇ ಬಂದವು. ಅದರ ಕಥೆ ಬೇರೆ, ಇಲ್ಲಿ ಬೇಡ.

ಗಂಧಕಾಮ್ಲದ ಕಥೆ ಏನು? ಯಾಕೆ ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ?

ಬಟ್ಟೆ, ಲೋಹ, ಸೋಡಾ (ಸೋಡಿಯಂ ಕಾರ್ಬೊನೇಟ್), ಬಣ್ಣ ಯಾವುದನ್ನು ಮುಟ್ಟಿದರೂ ಅದು ಬೇಕು. ಅದಕ್ಕೇ ಎಲ್ಲರೂ ಅಲ್ಲಿಂದ ಶುರು ಮಾಡುತ್ತಾರೆ.

ಮೊದಲು ಗಾಜಿನ ಬುರುಡೆಗಳಲ್ಲಿ ಗಂಧಕ ಮತ್ತು ಪೆಟ್ಲುಪ್ಪನ್ನು ಸೇರಿಸಿ ಉರಿಸುತ್ತಿದ್ದರು. ಬುರುಡೆಯಲ್ಲಿ ಸ್ವಲ್ಪ ನೀರು ಇರುತ್ತಿತ್ತು. ಹೊಗೆ ಆ ನೀರಿಗೆ ಇಳಿದರೆ ಆಮ್ಲ. ಆದರೆ ಗಾಜು ಒಡೆಯುತ್ತದೆ, ಜಾಸ್ತಿ ದೊಡ್ಡದು ಮಾಡಲೂ ಆಗುವುದಿಲ್ಲ. 1746ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಜಾನ್ ರೋಬಕ್ ಮತ್ತು ಸ್ಯಾಮ್ಯುಯೆಲ್ ಗಾರ್ಬೆಟ್ ಗಾಜಿನ ಬದಲು ಸೀಸದ ತಗಡಿನ ಕೋಣೆ ಕಟ್ಟಿದರು. ರೋಬಕ್ ಓದಿದ್ದು ವೈದ್ಯಕೀಯ. ಆಮ್ಲ ಸೀಸವನ್ನು ಮುಟ್ಟಿದಾಗ ಮೇಲೆ ತೆಳುವಾದ ಒಂದು ಪದರ ಕೂರುತ್ತದೆ, ಅದು ಕೆಳಗಿನ ಸೀಸವನ್ನು ಕಾಪಾಡುತ್ತದೆ. 1749ರಲ್ಲಿ ಅವರು ಸ್ಕಾಟ್ಲೆಂಡಿನ ಪ್ರೆಸ್ಟನ್‌ಪ್ಯಾನ್ಸ್‌ನಲ್ಲಿ ಇನ್ನೊಂದು ಕಾರ್ಖಾನೆ ಹಾಕಿದರು. ಆಮ್ಲದ ಬೆಲೆ ಕುಸಿಯಿತು.

ಇಷ್ಟೆಲ್ಲ ಆದರೂ ಪೆಟ್ಲುಪ್ಪು ಅಲ್ಲಿ ಏನು ಮಾಡುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಗಂಧಕ ಉರಿಯಲು ಅದು ಸಹಾಯ ಮಾಡುತ್ತದೆ ಎಂದುಕೊಂಡಿದ್ದರು. ಹಾಗಾಗಿ ಕೋಣೆಯ ಬಾಗಿಲು ಮುಚ್ಚಿ, ದುಬಾರಿ ಪೆಟ್ಲುಪ್ಪನ್ನು ಸುರಿಯುತ್ತಿದ್ದರು.

1806ರಲ್ಲಿ ಫ್ರಾನ್ಸಿನ ನಿಕೊಲಾ ಕ್ಲೆಮಾಂ ಮತ್ತು ಶಾರ್ಲ್ ದೆಸೋರ್ಮ್ ಲೆಕ್ಕ ಹಾಕಿದರು. ತಯಾರಾಗುವ ಆಮ್ಲಕ್ಕೆ ಬೇಕಾದ ಆಮ್ಲಜನಕದಲ್ಲಿ ಪೆಟ್ಲುಪ್ಪು ಕೊಡಬಹುದಾದದ್ದು ಸ್ವಲ್ಪವೇ. ಹಾಗಾದರೆ ಉಳಿದದ್ದು ಎಲ್ಲಿಂದ? ಗಾಳಿಯಿಂದ. ಪೆಟ್ಲುಪ್ಪಿನಿಂದ ಬರುವ ಸಾರಜನಕದ ಆಕ್ಸೈಡ್ ಗಾಳಿಯ ಆಮ್ಲಜನಕವನ್ನು ಹಿಡಿಯುತ್ತದೆ, ಗಂಧಕದ ಹೊಗೆಗೆ ಕೊಡುತ್ತದೆ, ಮತ್ತೆ ಹೋಗಿ ಗಾಳಿಯಿಂದ ಇನ್ನೊಂದಿಷ್ಟು ತರುತ್ತದೆ. ತಾನು ಮಾತ್ರ ಖರ್ಚಾಗುವುದಿಲ್ಲ. ಹಾಗಿದ್ದರೆ ಬಾಗಿಲು ಮುಚ್ಚುವುದೇ ತಪ್ಪು, ಗಾಳಿ ಒಳಗೆ ಬಿಡಬೇಕು! ಆ ಆಕ್ಸೈಡನ್ನು ಹೊಗೆಕೊಳವೆಯಲ್ಲಿ ಕಳೆದುಕೊಳ್ಳುವುದು ಇನ್ನೂ ದೊಡ್ಡ ತಪ್ಪು. ಅದನ್ನು ಹಿಡಿದಿಡುವ ಗೋಪುರವನ್ನು ಗೇ-ಲುಸಾಕ್ 1827ರಲ್ಲಿ ಸೂಚಿಸಿದ. ಹಿಡಿದದ್ದನ್ನು ಬಿಡಿಸಿ ಮತ್ತೆ ಕೋಣೆಗೆ ಕಳಿಸುವ ಗೋಪುರವನ್ನು 1859ರಲ್ಲಿ ಜಾನ್ ಗ್ಲೋವರ್ ಕಟ್ಟಿದ.

ತಾನು ಖರ್ಚಾಗದೆ ಕ್ರಿಯೆ ನಡೆಸುವ ವಸ್ತು ಎಂಬ ಈ ಯೋಚನೆ ಮುಂದೆ ರಸಾಯನಶಾಸ್ತ್ರದ ದೊಡ್ಡ ಅಧ್ಯಾಯವಾಯಿತು. 1835ರಲ್ಲಿ ಬರ್ಜೀಲಿಯಸ್ ಇಂಥ ಎಷ್ಟೋ ಉದಾಹರಣೆಗಳನ್ನು ಒಟ್ಟುಗೂಡಿಸಿ ‘ಕೆಟಾಲಿಸಿಸ್’ ಎಂದು ಕರೆದ. ಸೀಸದ ಕೋಣೆ ಅದರ ಅತಿ ದೊಡ್ಡ ಪ್ರಯೋಗಶಾಲೆಯಾಗಿತ್ತು ಎಂದರೆ ತಪ್ಪಿಲ್ಲ.

ಬಟ್ಟೆ ಬಿಳಿ ಮಾಡುವುದಕ್ಕೂ ರಸಾಯನಶಾಸ್ತ್ರದ ಸಿದ್ಧಾಂತಕ್ಕೂ ಏನು ಸಂಬಂಧ?

ತುಂಬಾ ಇದೆ. ನೇಯ್ದ ನಾರುಬಟ್ಟೆ ಮಣ್ಣುಬಣ್ಣ ಇರುತ್ತದೆ. ಅದನ್ನು ಬೂದಿನೀರಿನಲ್ಲಿ ಕುದಿಸಿ, ಹುಲ್ಲಿನ ಮೇಲೆ ಹರಡಿ, ನೀರು ಚಿಮುಕಿಸಿ, ಹುಳಿ ಮಜ್ಜಿಗೆಯಲ್ಲಿ ನೆನೆಹಾಕಿ, ಮತ್ತೆ ಹರಡಿ... ಹೀಗೆ ತಿಂಗಳುಗಟ್ಟಲೆ. ಸ್ಕಾಟ್ಲೆಂಡ್, ಐರ್ಲೆಂಡ್, ಹಾಲೆಂಡ್‌ನಲ್ಲಿ ಎಕರೆಗಟ್ಟಲೆ ಹುಲ್ಲುಗಾವಲು ಇದಕ್ಕೇ ಮೀಸಲು. ಬಿಸಿಲು ಇಲ್ಲದ ಕಾಲದಲ್ಲಿ ಕೆಲಸ ನಿಂತೇ ಹೋಗುತ್ತಿತ್ತು.

1756ರಲ್ಲಿ ಎಡಿನ್‌ಬರೋದ ವೈದ್ಯ ಫ್ರಾನ್ಸಿಸ್ ಹೋಮ್ ಬಟ್ಟೆ ಬಿಳಿ ಮಾಡುವ ಪ್ರಯೋಗಗಳ ಬಗ್ಗೆ ಒಂದು ಪುಸ್ತಕ ಬರೆದ. ಮಜ್ಜಿಗೆಯ ಹುಳಿಗೆ ಬದಲು ತೆಳುವಾದ ಗಂಧಕಾಮ್ಲ ಹಾಕಿ ಎಂದು ಹೇಳಿದ. ಮಜ್ಜಿಗೆಯಲ್ಲಿ ವಾರಗಟ್ಟಲೆ ಹಿಡಿಯುತ್ತಿದ್ದ ಹಂತ ಒಂದೆರಡು ದಿನಕ್ಕೆ ಇಳಿಯಿತು. ರೋಬಕ್‌ನ ಅಗ್ಗದ ಆಮ್ಲ ಇಲ್ಲದಿದ್ದರೆ ಈ ಸಲಹೆಯನ್ನು ಯಾರೂ ಕೇಳುತ್ತಿರಲಿಲ್ಲ. ಬಟ್ಟೆಯವರು ಕೊಳ್ಳದಿದ್ದರೆ ರೋಬಕ್‌ನ ಆಮ್ಲವೂ ಅಷ್ಟು ಖರ್ಚಾಗುತ್ತಿರಲಿಲ್ಲ.

ಆಮೇಲೆ ಬಂದದ್ದು ಕ್ಲೋರಿನ್. ಸ್ವೀಡನ್ನಿನ ಔಷಧ ತಯಾರಕ ಕಾರ್ಲ್ ಶೇಲೆ 1774ರಲ್ಲಿ ಮ್ಯಾಂಗನೀಸ್ ಅದಿರಿನ ಮೇಲೆ ಉಪ್ಪಿನ ಆಮ್ಲ (ಹೈಡ್ರೋಕ್ಲೋರಿಕ್ ಆಮ್ಲ) ಹಾಕಿದಾಗ ಹಳದಿ-ಹಸಿರು ಬಣ್ಣದ, ಉಸಿರುಕಟ್ಟಿಸುವ ಅನಿಲ ಬಂತು. ಅದು ಎಲೆ, ಹೂವಿನ ಬಣ್ಣ ಅಳಿಸುವುದನ್ನು ಅವನು ಗಮನಿಸಿದ, ಬಟ್ಟೆಯ ತನಕ ಹೋಗಲಿಲ್ಲ.

ಹೋದವನು ಕ್ಲೋದ್ ಲೂಯಿ ಬೆರ್ಥೊಲೆ. ಅವನು ಪ್ಯಾರಿಸ್ಸಿನ ಗೋಬೆಲಾಂ ಜಮಖಾನೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ಕೆಲಸದ ಮೇಲ್ವಿಚಾರಕ. ಬಟ್ಟೆಯ ಕಷ್ಟ ಅವನಿಗೆ ಚೆನ್ನಾಗಿ ಗೊತ್ತಿತ್ತು. ಜೊತೆಗೆ, ಉರಿಯುವುದೆಂದರೆ ಆಮ್ಲಜನಕದ ಜೊತೆ ಸೇರುವುದು ಎಂಬ ಲವಾಸಿಯೇಯ ಹೊಸ ಸಿದ್ಧಾಂತಕ್ಕೆ ಅವನು ಒಲಿದಿದ್ದ. 1785ರಲ್ಲಿ ಎರಡನ್ನೂ ಸೇರಿಸಿ ಯೋಚಿಸಿದ. ಈ ಅನಿಲ ಉಪ್ಪಿನ ಆಮ್ಲ ಮತ್ತು ಆಮ್ಲಜನಕ ಸೇರಿ ಆದದ್ದು. ಹುಲ್ಲಿನ ಮೇಲೆ ಹರಡಿದ ಬಟ್ಟೆಗೆ ಗಾಳಿಯ ಆಮ್ಲಜನಕ ತಿಂಗಳುಗಟ್ಟಲೆ ನಿಧಾನವಾಗಿ ಮಾಡುವ ಕೆಲಸವನ್ನು ಇದು ಗಂಟೆಗಳಲ್ಲಿ ಮಾಡಬೇಕು! ಪರೀಕ್ಷೆ ಮಾಡಿದ. ಬಟ್ಟೆ ಬೆಳ್ಳಗಾಯಿತು.

ಪೇಟೆಂಟ್ ಮಾಡಿಸದೆ ಎಲ್ಲರಿಗೂ ಹೇಳಿಬಿಟ್ಟ. 1786ರ ಕೊನೆಯಲ್ಲಿ ಪ್ಯಾರಿಸ್ಸಿಗೆ ಹೋಗಿದ್ದ ಜೇಮ್ಸ್ ವಾಟ್ ಅದನ್ನು ಕಲಿತು, ಗ್ಲಾಸ್ಗೋ ಹತ್ತಿರ ಇದೇ ಕೆಲಸ ಮಾಡುತ್ತಿದ್ದ ತನ್ನ ಮಾವನಿಗೆ ತಿಳಿಸಿದ. ಆದರೆ ಅನಿಲ ಕರಗಿಸಿದ ನೀರಿನ ಹತ್ತಿರ ಕೆಲಸಗಾರರು ನಿಲ್ಲುವಂತಿರಲಿಲ್ಲ. ಕೆಮ್ಮು, ಕಣ್ಣುರಿ. ಇಲ್ಲಿ ದಾರಿ ತೋರಿಸಿದ್ದು ಸಿದ್ಧಾಂತವಲ್ಲ, ಕೈ ಪ್ರಯತ್ನ. ಪ್ಯಾರಿಸ್ ಹತ್ತಿರದ ಜವೆಲ್‌ನಲ್ಲಿ ಅನಿಲವನ್ನು ಕ್ಷಾರದ ನೀರಿಗೆ ಬಿಟ್ಟರು. ಗ್ಲಾಸ್ಗೋದ ಚಾರ್ಲ್ಸ್ ಟೆನೆಂಟ್ 1799ರಲ್ಲಿ ಅದನ್ನು ಸುಣ್ಣಕ್ಕೆ ಹಿಡಿಸಿ ಪುಡಿ ಮಾಡಿದ. ಬಾವಿಗೆ, ಓವರ್‌ಹೆಡ್ ಟ್ಯಾಂಕಿಗೆ ನಾವು ಹಾಕುವ ಬ್ಲೀಚಿಂಗ್ ಪೌಡರ್ ಅದೇ. ಮೂಟೆ ಕಟ್ಟಿ ಎಲ್ಲಿಗೆ ಬೇಕಾದರೂ ಕಳಿಸಬಹುದಿತ್ತು.

ಬೆರ್ಥೊಲೆಯ ಸಿದ್ಧಾಂತವೂ ತಪ್ಪಾಗಿತ್ತು ಅನ್ನುತ್ತಾರೆ. ನಿಜವೇ?

ನಿಜ. ಹಂಫ್ರಿ ಡೇವಿ ಆ ಅನಿಲದಿಂದ ಆಮ್ಲಜನಕ ತೆಗೆಯಲು ಎಲ್ಲ ರೀತಿಯಲ್ಲೂ ನೋಡಿದ. ಕೆಂಪಗೆ ಕಾದ ಇದ್ದಿಲಿನ ಮೇಲೂ ಹಾಯಿಸಿದ. ಆಮ್ಲಜನಕ ಬರಲೇ ಇಲ್ಲ. 1810ರಲ್ಲಿ ಅದು ಸ್ವತಃ ಒಂದು ಮೂಲವಸ್ತು ಎಂದು ಹೇಳಿ ಕ್ಲೋರಿನ್ ಎಂದು ಹೆಸರಿಟ್ಟ. ಅಷ್ಟರಲ್ಲಿ ಟೆನೆಂಟ್‌ನ ಪುಡಿ ಮಾರುಕಟ್ಟೆಗೆ ಬಂದು ಹತ್ತು ವರ್ಷ ಕಳೆದಿತ್ತು.

ಇದರಿಂದ ಲವಾಸಿಯೇಯ ಇನ್ನೊಂದು ಮಾತೂ ಬಿತ್ತು. ಎಲ್ಲ ಆಮ್ಲಗಳಲ್ಲೂ ಆಮ್ಲಜನಕ ಇರಲೇಬೇಕು ಎಂದು ಅವನು ನಂಬಿದ್ದ. ಉಪ್ಪಿನ ಆಮ್ಲದಲ್ಲಿ ಅದು ಇಲ್ಲ. ಇಷ್ಟಾದರೂ ಬೆರ್ಥೊಲೆಯ ಊಹೆ ಪೂರ್ತಿ ವ್ಯರ್ಥ ಅಂತ ನಾನು ಹೇಳುವುದಿಲ್ಲ. ಬಟ್ಟೆಯ ಬಣ್ಣ ಹೋಗುವುದು ಆಕ್ಸಿಡೀಕರಣದಿಂದಲೇ ಎನ್ನುವುದು ಸರಿಯಾಗಿತ್ತು. ಅನಿಲ ಯಾವುದರಿಂದ ಆಗಿದೆ ಎನ್ನುವುದು ಮಾತ್ರ ತಪ್ಪು. ಕೆಲಸಕ್ಕೆ ಬೇಕಾದ ಅರ್ಧ ಸರಿಯಿದ್ದರೆ ಕಾರ್ಖಾನೆ ನಡೆಯುತ್ತದೆ.

ಲವಾಸಿಯೇ ಸಿಡಿಮದ್ದಿನ ಅಧಿಕಾರಿಯಾಗಿದ್ದ ಅಂತ ಓದಿದೆ. ಯಾಕೆ?

ಸಿಡಿಮದ್ದಿನಲ್ಲಿ ಹೆಚ್ಚಿನ ಪಾಲು ಪೆಟ್ಲುಪ್ಪು. ಆ ಕಾಲದಲ್ಲಿ ಒಳ್ಳೆಯ ಪೆಟ್ಲುಪ್ಪು ಬರುತ್ತಿದ್ದದ್ದು ಬಿಹಾರದಿಂದ. 1757ರ ಪ್ಲಾಸಿ ಯುದ್ಧದ ನಂತರ ಆ ವ್ಯಾಪಾರ ಇಂಗ್ಲಿಷ್ ಕಂಪನಿಯ ಹಿಡಿತಕ್ಕೆ ಹೋಯಿತು. ಫ್ರಾನ್ಸಿಗೆ ಕೊರತೆಯಾಯಿತು. 1775ರಲ್ಲಿ ಮಂತ್ರಿ ತ್ಯೂರ್ಗೊ ಸರ್ಕಾರಿ ಸಿಡಿಮದ್ದು ಇಲಾಖೆ ಕಟ್ಟಿ, ಅದರ ನಾಲ್ವರು ಮುಖ್ಯಸ್ಥರಲ್ಲಿ ಲವಾಸಿಯೇಯನ್ನೂ ಒಬ್ಬನನ್ನಾಗಿ ಮಾಡಿದ. ಅವನ ಮನೆ, ಪ್ರಯೋಗಶಾಲೆ ಎರಡೂ ಪ್ಯಾರಿಸ್ಸಿನ ಆಯುಧಾಗಾರದಲ್ಲೇ. ಆಮ್ಲಜನಕ ಸಿದ್ಧಾಂತದ ಎಷ್ಟೋ ಪ್ರಯೋಗಗಳು ನಡೆದದ್ದು ಅಲ್ಲಿ.

ಹಳೆ ಗೋಡೆ, ಕೊಟ್ಟಿಗೆಯ ಮಣ್ಣು ತೊಳೆದಾಗ ಸಿಗುವುದು ಹೆಚ್ಚಾಗಿ ಸುಣ್ಣದ ನೈಟ್ರೇಟ್. ಅದು ಗಾಳಿಯ ತೇವ ಹೀರಿ ಒದ್ದೆಯಾಗುತ್ತದೆ, ಮದ್ದಿಗೆ ಬರುವುದಿಲ್ಲ. ಮರದ ಬೂದಿ ಸೇರಿಸಿದರೆ ಸುಣ್ಣ ಕೆಳಗೆ ಕೂರುತ್ತದೆ, ಪೊಟ್ಯಾಶ್ ಬಂದು ಸೇರಿ ನಿಜವಾದ ಪೆಟ್ಲುಪ್ಪಾಗುತ್ತದೆ. ಕೆಲಸಗಾರರು ಇದನ್ನು ಮೊದಲಿನಿಂದಲೂ ಮಾಡುತ್ತಿದ್ದರು. ಯಾಕೆ, ಎಷ್ಟು ಬೂದಿ ಎಂಬ ಲೆಕ್ಕವನ್ನು ರಸಾಯನಶಾಸ್ತ್ರ ಕೊಟ್ಟಿತು.

1788ರಲ್ಲಿ ಎಸೋನ್ ಮದ್ದಿನ ಕಾರ್ಖಾನೆಯಲ್ಲಿ ಒಂದು ದುರಂತವೂ ನಡೆಯಿತು. ಕ್ಲೋರಿನ್ ಕೆಲಸದಿಂದ ಬೆರ್ಥೊಲೆಗೆ ಪೊಟ್ಯಾಸಿಯಂ ಕ್ಲೋರೇಟ್ ಸಿಕ್ಕಿತ್ತು. ಪೆಟ್ಲುಪ್ಪಿನ ಬದಲು ಅದನ್ನು ಹಾಕಿ ಮದ್ದು ಅರೆಯಲು ಹೋದಾಗ ಸ್ಫೋಟವಾಗಿ ಇಬ್ಬರು ಸತ್ತರು. ಲವಾಸಿಯೇ ದಂಪತಿ, ಬೆರ್ಥೊಲೆ ಸ್ವಲ್ಪದರಲ್ಲೇ ಉಳಿದರು.

ಲವಾಸಿಯೇ ತೆರಿಗೆ ಗುತ್ತಿಗೆದಾರನೂ ಆಗಿದ್ದ. ಅದೇ ಕಾರಣಕ್ಕೆ 1794ರ ಮೇ 8ರಂದು ಅವನ ತಲೆ ಕಡಿದರು. ಅದೇ ವರ್ಷ ಅವನ ಜೊತೆಗಾರರು ಪ್ಯಾರಿಸ್ಸಿನಲ್ಲಿ ಊರೂರಿನಿಂದ ಬಂದವರಿಗೆ ಪೆಟ್ಲುಪ್ಪು ತೆಗೆಯುವುದನ್ನು ಕಲಿಸುತ್ತಿದ್ದರು.

ಉಗಿಯಂತ್ರ ಹುಟ್ಟಿದ್ದು ರಸಾಯನಶಾಸ್ತ್ರಜ್ಞ ಬ್ಲ್ಯಾಕ್‌ನ ಗುಪ್ತೋಷ್ಣ ಸಿದ್ಧಾಂತದಿಂದಲೇ?

ಹಾಗೆ ಎಷ್ಟೋ ಕಡೆ ಬರೆದಿದ್ದಾರೆ. ಆದರೆ ಜೇಮ್ಸ್ ವಾಟ್ ಸ್ವತಃ ಅದನ್ನು ಒಪ್ಪಲಿಲ್ಲ. ಸ್ವಲ್ಪ ಉಗಿ ಅಷ್ಟೊಂದು ನೀರನ್ನು ಹೇಗೆ ಬಿಸಿ ಮಾಡುತ್ತದೆ ಎಂದು ಅವನಿಗೆ ಆಶ್ಚರ್ಯವಾಗಿ ಜೋಸೆಫ್ ಬ್ಲ್ಯಾಕ್‌ನನ್ನು ಕೇಳಿದ್ದ, ಉಗಿ ನೀರಾಗುವಾಗ ಒಳಗೆ ಅಡಗಿದ್ದ ಶಾಖ, ಅಂದರೆ ಗುಪ್ತೋಷ್ಣ, ಹೊರಬರುತ್ತದೆ ಎಂದು ಬ್ಲ್ಯಾಕ್ ವಿವರಿಸಿದ. ಪ್ರಯೋಗ ಮಾಡುವ ಶಿಸ್ತನ್ನು ಬ್ಲ್ಯಾಕ್‌ನಿಂದ ಕಲಿತೆ ಎಂದು ವಾಟ್ ಗೌರವದಿಂದ ಹೇಳುತ್ತಾನೆ. ಯಂತ್ರವನ್ನು ಸುಧಾರಿಸಿದ ಉಪಾಯ ವಾಟ್‌ನದೇ. ಅದಕ್ಕೆ ಮೊದಲು ದೊಡ್ಡ ಹಣ ಹಾಕಿದವನು ಯಾರು ಗೊತ್ತಾ? ಸೀಸದ ಕೋಣೆಯ ರೋಬಕ್.

ಲೆಬ್ಲಾಂಕ್ ಸೋಡಾ ವಿಧಾನ ವಿಜ್ಞಾನದ ಗೆಲುವೇ?

ನನ್ನ ಮಟ್ಟಿಗೆ ಅದು ಕೈಕೆಲಸದ ಗೆಲುವು. ಗಾಜಿಗೆ, ಸಾಬೂನಿಗೆ ಸೋಡಾ ಬೇಕು. ಫ್ರಾನ್ಸ್ ಅದನ್ನು ಕಡಲ ಗಿಡದ ಬೂದಿಯಿಂದ ಪಡೆಯುತ್ತಿತ್ತು, ಬಹುಪಾಲು ಸ್ಪೇನಿನಿಂದ ತರಿಸುತ್ತಿತ್ತು. ಓರ್ಲಿಯಾಂ ಡ್ಯೂಕನ ವೈದ್ಯ ನಿಕೊಲಾ ಲೆಬ್ಲಾಂಕ್ ಅಡುಗೆ ಉಪ್ಪನ್ನು ಗಂಧಕಾಮ್ಲದಲ್ಲಿ ಕಾಯಿಸಿ, ಬಂದದ್ದನ್ನು ಸುಣ್ಣದಕಲ್ಲು ಮತ್ತು ಇದ್ದಿಲಿನ ಜೊತೆ ಒಲೆಯಲ್ಲಿ ಸುಟ್ಟ. ಕಪ್ಪು ಗಟ್ಟಿ ಬಂತು. ಅದನ್ನು ನೀರಿನಲ್ಲಿ ನೆನೆಸಿದರೆ ಸೋಡಾ. 1791ರಲ್ಲಿ ಪೇಟೆಂಟ್ ಸಿಕ್ಕಿತು. ಡ್ಯೂಕನನ್ನು 1793ರಲ್ಲಿ ಗಿಲೊಟಿನ್‌ಗೆ ಕಳಿಸಿದರು, ಕಾರ್ಖಾನೆ ಜಪ್ತಿಯಾಯಿತು. ಲೆಬ್ಲಾಂಕ್ 1806ರಲ್ಲಿ ಆತ್ಮಹತ್ಯೆ ಮಾಡಿಕೊಂಡ.

ಆ ಕಪ್ಪು ಗಟ್ಟಿಯೊಳಗೆ ನಿಜವಾಗಿ ಏನು ನಡೆಯುತ್ತದೆ ಎಂಬ ವಾದ ಕಾರ್ಖಾನೆಗಳು ದಶಕಗಟ್ಟಲೆ ನಡೆದ ಮೇಲೂ ಮುಗಿದಿರಲಿಲ್ಲ. ಇತ್ತ ಚಿಮಣಿಯಿಂದ ಹೊರಟ ಉಪ್ಪಿನ ಆಮ್ಲದ ಹೊಗೆ ಸುತ್ತಲಿನ ಮರ, ಬೆಳೆ ಸುಟ್ಟುಹಾಕುತ್ತಿತ್ತು. ಬ್ರಿಟನ್ 1863ರಲ್ಲಿ ಕಾನೂನು ಮಾಡಿ, ಆ ಹೊಗೆಯ 95%ರಷ್ಟನ್ನು ಹಿಡಿಯಲೇಬೇಕು ಎಂದಿತು. ಅದರ ಮೊದಲ ಇನ್ಸ್‌ಪೆಕ್ಟರ್ ರಾಬರ್ಟ್ ಆಂಗಸ್ ಸ್ಮಿತ್ ಒಬ್ಬ ರಸಾಯನಶಾಸ್ತ್ರಜ್ಞ. ‘ಆಮ್ಲಮಳೆ’ ಎಂಬ ಮಾತು ಅವನಿಂದಲೇ ಬಳಕೆಗೆ ಬಂತು. ಹಿಡಿದ ಆಮ್ಲವನ್ನು ಏನು ಮಾಡುವುದು? ಕ್ಲೋರಿನ್ ಮಾಡಿ ಬ್ಲೀಚಿಂಗ್ ಪೌಡರ್‌ಗೆ ಕಳಿಸಿದರು.

ಕಣ್ಣಿಗೆ ಕಂಡ ಕೆಲಸದಿಂದ ಸಿದ್ಧಾಂತವೇ ಹುಟ್ಟಿದ ಉದಾಹರಣೆ ಇದೆಯೇ?

ಬೆರ್ಥೊಲೆಯದೇ ಇದೆ. 1798ರಲ್ಲಿ ನೆಪೋಲಿಯನ್ ಜೊತೆ ಈಜಿಪ್ಟಿಗೆ ಹೋದಾಗ ಅವನು ನೇಟ್ರನ್ ಕೆರೆಗಳನ್ನು ನೋಡಿದ. ದಡದ ತುಂಬ ಸೋಡಾ ಗಟ್ಟಿಕಟ್ಟಿತ್ತು. ಅಲ್ಲಿ ಇದ್ದದ್ದು ಉಪ್ಪು ಮತ್ತು ಸುಣ್ಣದಕಲ್ಲು. ಪ್ರಯೋಗಶಾಲೆಯಲ್ಲಿ ಈ ಕ್ರಿಯೆ ಉಲ್ಟಾ ದಿಕ್ಕಿನಲ್ಲಿ ನಡೆಯುತ್ತದೆ. ಯಾವ ವಸ್ತು ಎಷ್ಟು ಪ್ರಮಾಣದಲ್ಲಿದೆ ಎನ್ನುವುದೂ ಕ್ರಿಯೆಯ ದಿಕ್ಕನ್ನು ಬದಲಿಸಬಹುದು ಎಂದು ಅವನಿಗೆ ಹೊಳೆಯಿತು. ವಸ್ತುಗಳ ನಡುವಿನ ಸೆಳೆತವೊಂದೇ ಎಲ್ಲವನ್ನೂ ತೀರ್ಮಾನಿಸುತ್ತದೆ ಎಂಬ ಹಳೆಯ ನಂಬಿಕೆಗೆ ಇದು ಪೆಟ್ಟು. 1864ರಲ್ಲಿ ನಾರ್ವೆಯ ಗುಲ್ಡ್‌ಬರ್ಗ್ ಮತ್ತು ವಾಗೆ ಇದಕ್ಕೆ ಗಣಿತದ ರೂಪ ಕೊಟ್ಟರು. ಪಿಯುಸಿಯಲ್ಲಿ ರಾಸಾಯನಿಕ ಸಮತೋಲನ ಅಂತ ಓದುತ್ತೇವಲ್ಲ, ಅದರ ಬೇರು ಇಲ್ಲಿದೆ.

ಈ ಕಥೆಯಲ್ಲಿ ನಮ್ಮ ಕಡೆಯದು ಏನಾದರೂ ಇದೆಯೇ?

ಇದೆ, ಉಕ್ಕು. ದಕ್ಷಿಣ ಭಾರತದ ಮೂಸೆ ಉಕ್ಕನ್ನು ಯುರೋಪಿನವರು ವೂಟ್ಜ್ ಎನ್ನುತ್ತಿದ್ದರು. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇದನ್ನು ಮಾಡುವುದನ್ನು ವಿವರಿಸಿದ್ದಾನೆ. ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ಜೊತೆಗೆ ತಂಗಡಿ ಗಿಡದ ಕಟ್ಟಿಗೆ ಚೂರು, ಹಸಿ ಎಲೆ. ಬಾಯಿಗೆ ಮಣ್ಣು ಮೆತ್ತಿ, ಇದ್ದಿಲು ಬೆಂಕಿಯಲ್ಲಿಟ್ಟು ತಿದಿ ಒತ್ತುವುದು. ಕಟ್ಟಿಗೆಯ ಇಂಗಾಲವನ್ನು ಕಬ್ಬಿಣ ಕುಡಿಯುತ್ತದೆ.

ಲಂಡನ್ನಿನಲ್ಲಿ ಜೇಮ್ಸ್ ಸ್ಟೊಡಾರ್ಟ್ ಎಂಬ ಚಾಕು ಮತ್ತು ಶಸ್ತ್ರಚಿಕಿತ್ಸೆಯ ಉಪಕರಣ ಮಾಡುವವನಿಗೆ ಈ ಉಕ್ಕೆಂದರೆ ಪ್ರಾಣ. ಅವನು ಮೈಕೆಲ್ ಫ್ಯಾರಡೆಯ ಜೊತೆ ಸೇರಿದ. ಫ್ಯಾರಡೆ ಕಮ್ಮಾರನ ಮಗ. 1819ರಲ್ಲಿ ಫ್ಯಾರಡೆ ವೂಟ್ಜನ್ನು ಪರೀಕ್ಷಿಸಿ, ಅದರ ಗುಣಕ್ಕೆ ಅಲ್ಯೂಮಿನಾ, ಸಿಲಿಕಾದ ಅಂಶ ಕಾರಣ ಎಂದುಕೊಂಡ. ಅದು ತಪ್ಪು. ಆದರೆ ಆ ತಪ್ಪಿನಿಂದ ಇಬ್ಬರೂ ಉಕ್ಕಿಗೆ ಬೆಳ್ಳಿ, ಪ್ಲಾಟಿನಂ, ರೋಡಿಯಂ ಹೀಗೆ ಬೇರೆ ಬೇರೆ ಲೋಹ ಬೆರೆಸಿ ನೋಡಿದರು. ಮಿಶ್ರ ಉಕ್ಕಿನ ಮೊದಲ ಶಿಸ್ತಾದ ಅಧ್ಯಯನಗಳಲ್ಲಿ ಅದೂ ಒಂದು. ಪ್ಯಾರಿಸ್ಸಿನ ಟಂಕಸಾಲೆಯ ಬ್ರೆಯಾಂ 1823ರಲ್ಲಿ ಇಂಗಾಲವೇ ಮುಖ್ಯ ಎಂದು ತೋರಿಸಿದ. ನಮ್ಮ ಕಮ್ಮಾರರ ಹೆಸರು ಈ ಯಾವ ಪ್ರಬಂಧದಲ್ಲೂ ಇಲ್ಲ. ಪ್ರಶ್ನೆ ಹುಟ್ಟಿದ್ದು ಅವರ ಮೂಸೆಯಲ್ಲಿ ಎನ್ನುವುದನ್ನು ನಾವಾದರೂ ನೆನಪಿಡಬೇಕು.

ಸಿದ್ಧಾಂತ ಮುಂದೆ ನಡೆದು, ಕಾರ್ಖಾನೆ ಹಿಂಬಾಲಿಸಿದ್ದು ಯಾವಾಗ?

ಬಣ್ಣಗಳಲ್ಲಿ. ಆದರೆ ಅಲ್ಲೂ ಶುರು ಆಕಸ್ಮಿಕ. ಗ್ಯಾಸ್ ದೀಪದ ಕಾರ್ಖಾನೆಗಳಲ್ಲಿ ಕಲ್ಲಿದ್ದಲಿನ ಡಾಂಬರು ರಾಶಿ ಬೀಳುತ್ತಿತ್ತು. 1856ರಲ್ಲಿ 18 ವರ್ಷದ ವಿಲಿಯಂ ಪರ್ಕಿನ್ ಅದರಿಂದ ಬಂದ ಅನಿಲೀನ್ ಹಿಡಿದು ಮಲೇರಿಯಾ ಔಷಧ ಕ್ವಿನೈನ್ ಮಾಡಲು ಹೋಗಿ ನೇರಳೆ ಬಣ್ಣ ಪಡೆದ. ಅವನ ಅನಿಲೀನ್ ಶುದ್ಧವಾಗಿದ್ದರೆ ಆ ಬಣ್ಣ ಬರುತ್ತಲೇ ಇರಲಿಲ್ಲ. ಯಾವ ಅಣು ಹೇಗಿದೆ ಎಂದು ಅವನಿಗೆ ಗೊತ್ತಿರಲಿಲ್ಲ.

1865ರಲ್ಲಿ ಕೆಕುಲೆ ಬೆಂಜೀನ್ ಉಂಗುರದ ರಚನೆ ಸೂಚಿಸಿದ ಮೇಲೆ ಚಿತ್ರ ಬದಲಾಯಿತು. 1868ರಲ್ಲಿ ಬರ್ಲಿನ್ನಿನ ಗ್ರೇಬೆ ಮತ್ತು ಲೀಬರ್ಮನ್ ಮಂಜಿಷ್ಠದ ಜಾತಿಯ ಗಿಡದ ಬೇರಿನ ಕೆಂಪು ಬಣ್ಣವಾದ ಅಲಿಜರಿನ್ನನ್ನು ಸತುವಿನ ಪುಡಿಯೊಂದಿಗೆ ಕಾಯಿಸಿದರು. ಆಂಥ್ರಾಸೀನ್ ಬಂತು. ಅಂದರೆ ಬಣ್ಣದ ಒಳಗಿನ ಹಂದರ ಗೊತ್ತಾಯಿತು. ಆಂಥ್ರಾಸೀನ್ ಡಾಂಬರಿನಲ್ಲಿ ಬೇಕಾದಷ್ಟಿದೆ. ಅಲ್ಲಿಂದ ಹಿಂದಕ್ಕೆ ಹತ್ತಿ ಅಲಿಜರಿನ್ ಕಟ್ಟಿಯೇಬಿಟ್ಟರು. ಕಾಗದದ ಮೇಲೆ ಯೋಚಿಸಿ ಗಿಡದ ಬಣ್ಣವನ್ನು ಮಾಡಿದ್ದು ಇದೇ ಮೊದಲು.

ಆದರೆ ಅವರ ದಾರಿಗೆ ಬ್ರೋಮಿನ್ ಬೇಕಿತ್ತು, ಅದು ದುಬಾರಿ. ಜರ್ಮನಿಯ ಬಣ್ಣದ ಕಂಪನಿ ಬಿಎಎಸ್ಎಫ್‌ನ ಹೈನ್‌ರಿಖ್ ಕಾರೋ ಬ್ರೋಮಿನ್ ಬಿಟ್ಟು ಬಿಸಿ ಗಂಧಕಾಮ್ಲ ಬಳಸಿದ. ಇಂಗ್ಲೆಂಡಿನಲ್ಲಿ ಪರ್ಕಿನ್ ಕೂಡ ಅದೇ ದಾರಿ ಕಂಡುಕೊಂಡಿದ್ದ. ಲಂಡನ್ನಿನಲ್ಲಿ 1869ರ ಜೂನ್ 25ರಂದು ಕಾರೋ ಕಡೆಯವರ ಪೇಟೆಂಟ್ ಅರ್ಜಿ, 26ರಂದು ಪರ್ಕಿನ್ ಅರ್ಜಿ. ಫ್ರಾನ್ಸಿನಲ್ಲಿ ಆ ಗಿಡ ಬೆಳೆಯುತ್ತಿದ್ದ ರೈತರ ಬದುಕು ಕೆಲವೇ ವರ್ಷಗಳಲ್ಲಿ ಮುಳುಗಿತು.

ಬಿಹಾರದ ನೀಲಿಗೂ (ಇಂಡಿಗೊ ಬಣ್ಣಕ್ಕೂ) ಇದೇ ಆಯಿತೇ?

ಹೌದು, ಆದರೆ ತಡವಾಗಿ. ಅಡಾಲ್ಫ್ ಬೇಯರ್ ನೀಲಿಯ ಅಣು ರಚನೆ ಬಿಡಿಸಿದ್ದರೂ ಅಗ್ಗದ ದಾರಿ ಸಿಗಲು ವರ್ಷಗಳೇ ಹಿಡಿದವು. ನ್ಯಾಫ್ತಲೀನನ್ನು ಹೊಗೆಯಾಡುವ ಗಟ್ಟಿ ಗಂಧಕಾಮ್ಲದಲ್ಲಿ ಕಾಯಿಸುವುದು ಮೊದಲ ಹಂತ. ಅದು ಸರಿಯಾಗಿ ಆಗುತ್ತಿರಲಿಲ್ಲ. ಒಮ್ಮೆ ಥರ್ಮಾಮೀಟರ್ ಒಡೆದು ಪಾದರಸ ಒಳಗೆ ಬಿತ್ತು, ಕ್ರಿಯೆ ಸಲೀಸಾಗಿ ನಡೆಯಿತು. ಪಾದರಸವೇ ಇಲ್ಲಿ ಕೆಟಲಿಸ್ಟ್. ಬಿಎಎಸ್ಎಫ್ 1897ರಲ್ಲಿ ಕೃತಕ ನೀಲಿ ಮಾರಲು ಶುರು ಮಾಡಿತು. ಬಿಹಾರದ ನೀಲಿ ತೋಟಗಳ ವ್ಯಾಪಾರ ಕುಸಿಯಿತು. ಆ ನಷ್ಟವನ್ನು ತೋಟದ ದೊರೆಗಳು ರೈತರ ಮೇಲೆ ಹೇರಿದರು, 1917ರ ಚಂಪಾರಣ್ ಸತ್ಯಾಗ್ರಹಕ್ಕೆ ಅದೂ ಒಂದು ಕಾರಣ.

ಇಷ್ಟು ಗಟ್ಟಿ ಆಮ್ಲವನ್ನು ಸೀಸದ ಕೋಣೆ ಕೊಡಲಾರದು. ಹಾಗಾಗಿ ಬಿಎಎಸ್ಎಫ್‌ನ ರುಡೊಲ್ಫ್ ಕ್ನೀಚ್ ಗಂಧಕದ ಹೊಗೆಯನ್ನು ಗಾಳಿಯೊಂದಿಗೆ ಪ್ಲಾಟಿನಂ ಮೇಲೆ ಹಾಯಿಸುವ ವಿಧಾನವನ್ನು ಕಾರ್ಖಾನೆಯ ಮಟ್ಟಕ್ಕೆ ತಂದ. ಪ್ಲಾಟಿನಂ ಯಾಕೆ ಸ್ವಲ್ಪ ದಿನದಲ್ಲೇ ಸತ್ತುಹೋಗುತ್ತದೆ ಎಂದು ಹುಡುಕಿದಾಗ, ಅನಿಲದಲ್ಲಿನ ಒಂದಿಷ್ಟು ಆರ್ಸೆನಿಕ್ ಅದಕ್ಕೆ ವಿಷ ಎಂದು ತಿಳಿಯಿತು. ಅನಿಲವನ್ನು ಮೊದಲು ತೊಳೆದು ಆಮೇಲೆ ಬಿಟ್ಟರು. ಇವತ್ತು ಪ್ಲಾಟಿನಂ ಜಾಗದಲ್ಲಿ ವನೇಡಿಯಂ ಪೆಂಟಾಕ್ಸೈಡ್ ಇದೆ, ವಿಧಾನ ಮಾತ್ರ ಅದೇ.